ಬ್ರೌಸರಿನಲ್ಲಿಟ್ಟ ಅಕ್ಕನ ಹಾಡು

ಶಹಾಪುರದಲ್ಲಿ ನಮ್ಮದೊಂದು ಝೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವ ಕಂಪ್ಯೂಟರಿನಲ್ಲೇ ನಾನು ಹಾಡು ಕೂಡಿಸಲು ಕುಳಿತದ್ದು, ಮಗಳ ಮದುವೆಗೆ ಎಂಟು ದಿನ ಇರುವಾಗ. ಬ್ರೌಸರಿನಲ್ಲಿ ತೆರೆಯುವ ಪುಕ್ಕಟೆ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಒಳಗಿನ ಕೋಡನ್ನೂ ಯಾರು ಬೇಕಾದರೂ ತೆರೆದು ತಿದ್ದಬಹುದಂತೆ. ನನಗೆ ತಿದ್ದುವುದು ಬೇಕಿರಲಿಲ್ಲ. ನನ್ನ ಅಕ್ಕನ ದನಿ ಹಂದರದೊಳಗೆ ಕೇಳಬೇಕಿತ್ತು, ಅಷ್ಟೇ.

ಸಗರದಲ್ಲಿರುವ ಅಕ್ಕನಷ್ಟು ಸೋಬಾನೆ ಪದ ನಮ್ಮ ಕಡೆ ಯಾರಿಗೂ ಬರುವುದಿಲ್ಲ. ಆದರೆ ಭಾವ ತೀರಿಕೊಂಡ ಮೇಲೆ ಅರಿಶಿನ ಹಚ್ಚುವಲ್ಲಿಗೆ ಆಕೆಯನ್ನು ಯಾರೂ ಕರೆಯರು. ಗಂಡ ಸತ್ತವಳು ಮುತ್ತೈದೆಯರ ನಡುವೆ ಕೂಡಬಾರದೆಂಬ ಹಾಳು ಪದ್ಧತಿ. ಆಕೆಯನ್ನು ಕೂರಿಸಲಾಗದಿದ್ದರೆ ಆಕೆಯ ದನಿಯನ್ನಾದರೂ ಸ್ಪೀಕರಿನಲ್ಲಿ ಕೂರಿಸೋಣ ಎಂಬುದು ನನ್ನ ಜಾಣತನ.

ಆ ಜಾಣತನಕ್ಕಿಷ್ಟು ಬೆಂಕಿ ಹಾಕ! ಮದುವೆ ಕೆಲಸಕ್ಕೆಂದು ಮುಂಚೆಯೇ ಬಂದಿದ್ದ ಅಕ್ಕನನ್ನು ಅಂಗಡಿಯಲ್ಲಿ ಹಾಡಲು ಕೂರಿಸಿದೆ. ಹೆಡ್‌ಫೋನ್ ಹಾಕಿಕೊಂಡ ಅಕ್ಕ, ತಾಳಕ್ಕೆಂದು ನಾನಿಟ್ಟ ಟಿಕ್ ಟಿಕ್ ಕೇಳಿ ಬೆರಳಿನಿಂದ ನೆಲ ಕುಟ್ಟಿದಳು.

“ಹಲ್ಲಿ ನುಡೀತು ನೋಡು. ಚಲೋ ಆಗ್ತೈತಿ.”

“ಹಲ್ಲಿ ಅಲ್ಲಬೇ, ತಾಳ!”

“ಇಷ್ಟೊತ್ತು ನುಡಿಯೂ ಹಲ್ಲಿ ನಾ ನೋಡಿಲ್ಲವ್ವ.”

ಟಿಕ್ ತೆಗೆದೆ. ಆಕೆ ಉಸಿರು ಬೇಕಾದಲ್ಲಿ ನಿಲ್ಲುತ್ತಾಳೆ, ಮನಸ್ಸು ಬಂದಲ್ಲಿ ಎಳೆಯುತ್ತಾಳೆ. ನಾನು ಕೆಳಗೆ ಜೋಡಿಸಿದ ಡೋಲಕ್ ಒಂದು ದಾರಿ, ಆಕೆ ಒಂದು ದಾರಿ. ದನಿಯನ್ನು ತುಂಡು ತುಂಡು ಕತ್ತರಿಸಿ, ಎಳೆದು, ಅಂಟಿಸಿ ನಾಲ್ಕು ದಿನ ಕಣ್ಣು ಉರಿಸಿಕೊಂಡೆ. ನಡುನಡುವೆ ಪಹಣಿಯವರು, ಆಧಾರಿನವರು. ಪರದೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬರುತ್ತಿತ್ತು. ನೊಣ ಓಡಿಸಿದಂತೆ ಒತ್ತಿ ಓಡಿಸುತ್ತಿದ್ದೆ. ಕೊನೆಗೂ ಹಾಡು ಕೂಡಿತು.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಅಂಗಡಿ ತೊಳೆದು, ಪೂಜೆ ಮಾಡಿ, ಕಾಯಿ ಒಡೆಯುವುದು ನಮ್ಮ ಮನೆಯವರ ಕೆಲಸ. ಈ ಸಲ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಅದರ ಒಳಗನ್ನೂ ತೊಳೆದಿದ್ದರು.

“ಭಾಳ ಸ್ಲೋ ಆಗಿತ್ತು. ಬ್ರೌಸರ್‌ನಾಗಿನ ಹಳೇ ಕಸ ಎಲ್ಲಾ ಅಳಿಸೀನಿ. ಈಗ ನೋಡು, ಹೆಂಗ ಓಡ್ತೈತಿ!”

ಓಡಿತು. ಹಾಡೇ ಇರಲಿಲ್ಲ. ಆ ತಂತ್ರಾಂಶ ಮಾಡಿದ್ದನ್ನೆಲ್ಲ ಬ್ರೌಸರಿನೊಳಗೇ ಇಟ್ಟುಕೊಳ್ಳುತ್ತದಂತೆ. ಬೇರೆ ಫೈಲಾಗಿ ನಾವೇ ಇಳಿಸಿಟ್ಟುಕೊಳ್ಳಬೇಕಂತೆ. ನಾನು ಓಡಿಸುತ್ತಿದ್ದ ಎಚ್ಚರಿಕೆ ಹೇಳುತ್ತಿದ್ದದ್ದು ಅದನ್ನೇ.

“ಕಸ ಹೊಡೀರಿ ಅಂದ್ರ ನನ್ನ ಮನೀನ ಹಾಳ ಮಾಡಿದ್ರಲ್ಲರಿ!” ಎಂದು ಚೀರಿದೆ. ಅವರು ಪ್ರಸಾದದ ಕೊಬ್ಬರಿ ಚೂರು ಹಿಡಿದುಕೊಂಡು ನಿಂತೇ ಇದ್ದರು.

ಅರಿಶಿನದ ದಿನ, ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದ ಅಕ್ಕನ ಮುಂದೆ ಫೋನ್ ಹಿಡಿದೆ.

“ಇನ್ನೊಂದ್ ಸಲ ಹಾಡಕ್ಕ. ಇದರಾಗ ಹಿಡಕೋತೀನಿ. ಡೋಲಕ್ ಬ್ಯಾಡ, ಏನೂ ಬ್ಯಾಡ.”

“ಹಾಡಂಗಿಲ್ಲ.”

“ಯಾಕಬೇ?”

“ನನ್ನ ದನಿ ಕರಿಯಾಕ ಇಷ್ಟು ದಿನ ಒದ್ದಾಡಿದಿ. ನನ್ನ ಒಮ್ಮ್ಯಾರ ಕರದಿಯೇನು? ಮಗಳು ನಿನ್ನಾಕಿ, ಹಂದರ ನಿಂದು. ಮತ್ತ ಕರಿಯಾಕಿ ಯಾರು?”

ಸಿಟ್ಟು ನೆತ್ತಿಗೇರಿತು. ಗಂಡನ ಮೇಲೆ, ಬ್ರೌಸರಿನ ಮೇಲೆ ಬಂದದ್ದಕ್ಕಿಂತ ಹೆಚ್ಚು, ಯಾಕೆಂದರೆ ಆಕೆ ಹೇಳಿದ್ದು ಖರೆ. ಸುರಪುರದ ಬೀಗರು ಏನಂದಾರು ಎಂಬ ಅಂಜಿಕೆಗೆ ನಾನು ಕಂಪ್ಯೂಟರನ್ನು ಮುಂದೆ ಮಾಡಿದ್ದೆ.

ಹಂದರಕ್ಕೆ ಹೋದೆ. ಬೀಗಿತಿಯರು ಅರಿಶಿನದ ಬಟ್ಟಲ ಸುತ್ತ ಕುಳಿತಿದ್ದರು. ಅಡುಗೆಮನೆಯ ಬಾಗಿಲ ಕಡೆ ತಿರುಗಿ, “ಅಕ್ಕಾ, ಬಾ,” ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು.

“ಗಟ್ಟ್ಯಾಗಿ ಕರಿ,” ಎಂದಳು ಅಕ್ಕ. “ಮಂದಿಗೆ ಕೇಳವಲ್ದು.”

ಕೂಗಿ ಕರೆದೆ. ಬಟ್ಟಲ ಸುತ್ತ ಕುಳಿತವರೆಲ್ಲ ತಿರುಗಿ ನೋಡಿದರು. ಅಕ್ಕ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.