ಡಬ್ಬಿ ಕಟ್ಟಿದ ಸೈಕಲ್ಲು

ಸೀತಾಫಲದ ಎಲೆಯನ್ನು ಜಜ್ಜಿದರೆ ಬರುವ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಹಣ್ಣಿಗಿರುವ ಒಳ್ಳೆಯ ಹೆಸರು ಎಲೆಗಿಲ್ಲ. ಘಾಟು, ಮೂಗಿಗೆ ಹತ್ತಿದರೆ ಸಂಜೆಯವರೆಗೂ ಬಿಡದು. ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಹೊಸಪೇಟೆಯ ನಮ್ಮ ಮನೆಯ ಮುಂದೆ ಸೈಕಲ್ ತೊಳೆಯುತ್ತಿದ್ದೆ. ಚಕ್ರದಿಂದ ಇಳಿದ ನೀರು ಸಂಡೂರಿನ ಅದಿರು ಮಣ್ಣು ಹೊತ್ತು ಕೆಂಪಗೆ ಮೋರಿಗೆ ಹರಿಯುತ್ತಿತ್ತು. ಚೈನಿಗೆ ಸಿಕ್ಕಿಕೊಂಡಿದ್ದ ಎಲೆಗಳನ್ನು ಹಳೆಯ ಬ್ರಶ್ಶಿನಿಂದ ಕೀಳುವಾಗ ಆ ವಾಸನೆ ಎದ್ದಿತು. ಅಂದು ಬೆಳಿಗ್ಗೆ ನಾನು ಒಬ್ಬಳನ್ನು ಗುಡ್ಡದಲ್ಲಿ ಬಿಟ್ಟು ಓಡಿಬಂದಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ. ವಾಸನೆಯ ಜೊತೆಗೆ ಮೊದಲು ನೆನಪಾದದ್ದು ಅವಳಲ್ಲ, ನಮ್ಮ ಡ್ರಾಯಿಂಗ್ ಸರ್.

ನಾನು ಹುಟ್ಟಿ ಬೆಳೆದದ್ದು ಸಂಡೂರಿನಲ್ಲಿ. ಸರ್ ನಮ್ಮ ಹೈಸ್ಕೂಲಿಗೆ ಬಂದಾಗ ನಾನು ಎಂಟನೆಯ ತರಗತಿ. ಹೊಟ್ಟೆ ದೊಡ್ಡದು, ಕೋಪ ಅದಕ್ಕಿಂತ ದೊಡ್ಡದು. ಗೆರೆ ಸೊಟ್ಟಗೆ ಎಳೆದವನ ಕಡೆಗೆ ಡಸ್ಟರ್ ಹಾರಿ ಬರುತ್ತಿತ್ತು, ಆದರೆ ಯಾರಿಗೂ ತಾಗಿದ್ದು ನೆನಪಿಲ್ಲ. ಭಾನುವಾರ ಮಾತ್ರ ಅವರು ಬೇರೆಯೇ ಮನುಷ್ಯ. ನಮ್ಮನ್ನೆಲ್ಲ ಬಾಡಿಗೆ ಸೈಕಲ್ಲಿನ ಮೇಲೆ ಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ಚಿತ್ರ ಬರೆಯಲಿಕ್ಕೆಂದು ಹೆಸರು. ಬರೆಯುತ್ತಿದ್ದುದು ಕಡಿಮೆ, ಮೇಲೆ ಕೂತು ಒಗ್ಗರಣಿ ಮಿರ್ಚಿ ತಿಂದು, ನಾರಿಹಳ್ಳದ ಡ್ಯಾಮಿನ ಕಡೆಗೆ ಜಾರುಬಂಡಿಯ ಹಾಗೆ ಇಳಿಯುತ್ತಿದ್ದುದೇ ಹೆಚ್ಚು. ಗೇರಿಲ್ಲ, ಒಂದು ಬ್ರೇಕ್ ಇದ್ದರೆ ಇನ್ನೊಂದಿಲ್ಲ, ಆದರೂ ಆ ಇಳಿಜಾರಿನ ಸುಖ ನನಗೆ ಈಗಿನ ಸೈಕಲ್ಲಿನಲ್ಲಿ ಸಿಕ್ಕಿಲ್ಲ.

ಸರ್ ಮಾಡಿದ್ದ ಕಾನೂನು ಎರಡೇ. ಪ್ರತಿ ಸೈಕಲ್ಲಿಗೂ ಹಿಂದೆ ಒಂದು ಖಾಲಿ ಡಬ್ಬಿ ಕಟ್ಟಬೇಕು, ಒಳಗೆ ಬೆಣಚುಕಲ್ಲು ಹಾಕಿರಬೇಕು. ಇಳಿಯುವಾಗ ಎಲ್ಲರಿಗಿಂತ ಹಿಂದೆ ಅವರೇ ಇರಬೇಕು.

"ಕರಡಿಗೆ ಕಣ್ಣು ಮಂದ, ಕಿವೀನೂ ಅಷ್ಟಕ್ಕಷ್ಟ. ಸಪ್ಪಳ ಮಾಡಕೋತ ಹೋದ್ರ ಅದ ಸರಕೋತದ. ಸುಮ್ನ ಹೋಗಿ ಮೈಮ್ಯಾಲೆ ಬಿದ್ರ ಬಿಡೂದಿಲ್ಲ," ಎನ್ನುತ್ತಿದ್ದರು.

ನಾವು ಗಡಗಡ ಸದ್ದು ಮಾಡಿಕೊಂಡು ಊರು ದಾಟುವಾಗ ಹೋಟೆಲಿನ ಮುಂದೆ ಕೂತವರು, "ಬಂತಲೇ ಮೇಷ್ಟ್ರ ಮದಿವಿ ದಿಬ್ಬಣ," ಎಂದು ನಗುತ್ತಿದ್ದರು. ನಮಗೆ ಮೈಯೆಲ್ಲ ನಾಚಿಕೆ. ಸರ್ ಮಾತ್ರ ಮದುಮಗನ ಹಾಗೆ ಎದೆ ಸೆಟೆಸಿ ಹೋಗುತ್ತಿದ್ದರು.

ಅಂಥದೊಂದು ಭಾನುವಾರ, ಸೀತಾಫಲದ ಕಾಲ. ಮಳೆ ಬಂದು ನಿಂತಿತ್ತು. ಹುಡುಗರೆಲ್ಲ ಮುಂದೆ ಇಳಿದು ಹೋಗಿದ್ದರು. ತಿರುವಿನಲ್ಲಿ ನನ್ನ ಚೈನು ಕಳಚಿತು. ನಾನು ನಿಂತೆ, ನನ್ನ ಹಿಂದೆ ಸರ್ ನಿಂತರು. ಬಗ್ಗಿ ಚೈನಿಗೆ ಕೈ ಹಾಕುವಷ್ಟರಲ್ಲಿ ಪಕ್ಕದ ಪೊದೆಯಿಂದ ಅದು ಎದ್ದು ಬಂತು. ಡಬ್ಬಿಗಳು ಸುಮ್ಮನಾಗಿದ್ದವು, ನಿಂತ ಸೈಕಲ್ಲಿನ ಡಬ್ಬಿ ಸದ್ದು ಮಾಡುತ್ತದೆಯೇ? ಆಮೇಲೆ ನನಗೆ ಕೇಳಿಸಿದ್ದು ಒಂದೇ ಒಂದು ಡಬ್ಬಿಯ ಸದ್ದು. ಸರ್ ನನ್ನನ್ನು ದಾಟಿ ಇಳಿಜಾರಿನಲ್ಲಿ ಹೋಗುತ್ತಿದ್ದರು. ಅವರ ಬೆನ್ನು, ಬೆವರಿನಿಂದ ಅಂಟಿದ್ದ ಅಂಗಿ, ಕುಣಿಯುತ್ತಿದ್ದ ಡಬ್ಬಿ... ಗಡಗಡ ಸದ್ದು ದೂರವಾಗುತ್ತ ಆಗುತ್ತ ಇಲ್ಲವಾಯಿತು.

ನಾನು ಸೈಕಲ್ಲನ್ನು ಅಡ್ಡ ಹಿಡಿದು ಅಳುತ್ತ ನಿಂತೆ. ಕರಡಿ ಒಂದಿಷ್ಟು ಹೊತ್ತು ಮೂಸಿತು. ಅದರ ಕಾಲಡಿ ಜಜ್ಜಿದ ಸೀತಾಫಲದ ಎಲೆಯ ಅದೇ ಘಾಟು ವಾಸನೆ. ಆಮೇಲೆ ಏನನ್ನಿಸಿತೋ, ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಕೆಳಗೆ ಹುಡುಗರಿಗೆ ಏನೂ ಗೊತ್ತಿರಲಿಲ್ಲ. ಸರ್ ಸೇತುವೆಯ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮುಂದಿನ ಭಾನುವಾರ ಇರುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು. ಸರ್‌ಗೆ ಇರಲಿಲ್ಲ. ಅಂದು ಸಂಜೆ ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತರು. ಅಕ್ಕಪಕ್ಕದ ಹೆಂಗಸರು ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮವ್ವ ನೀರಿನ ಲೋಟ ಹಿಡಿದು ಹೊರಗೆ ಬಂದಳು.

"ತಾಯೀ, ಕರಡಿ ಬಂದಿತ್ತು. ನಿಮ್ಮ ಮಗನ್ನ ಬಿಟ್ಟು ನಾ ಓಡಿ ಬಂದೆ. ಹೆದರಿಕಿ ಆತು."

ಅವರು ಹೇಳಿದ್ದು ಅಷ್ಟೇ. ಕಾಲು ಜಾರಿತು ಎನ್ನಲಿಲ್ಲ, ಸಹಾಯ ತರಲು ಹೋದೆ ಎನ್ನಲಿಲ್ಲ. ಅವ್ವನ ಕೈಯ ಲೋಟ ಕೈಯಲ್ಲೇ ಉಳಿಯಿತು. "ಹೋಗ್ರಿ ಸರ್," ಎಂದಳು. ಬೈದಿದ್ದರೂ ಆಗುತ್ತಿತ್ತು...

ಊರ ಬಾಯಿಗೆ ಬೀಗ ಯಾರು ಹಾಕುತ್ತಾರೆ? ಭಾನುವಾರದ ಸವಾರಿ ನಿಂತಿತು. ಅವರಿಗೆ 'ಕರಡಿ ಸರ್' ಎಂದು ಹೆಸರು ಬಿತ್ತು. ಒಂದು ದಿನ ಯಾರೋ ಬೋರ್ಡಿನ ಮೇಲೆ ದೊಡ್ಡ ಕರಡಿ ಬರೆದಿಟ್ಟಿದ್ದರು. ಸರ್ ಒಳಗೆ ಬಂದರು, ನೋಡಿದರು. ಇವತ್ತು ಡಸ್ಟರ್ ತಾಗಿಯೇ ತಾಗುತ್ತದೆ ಎಂದು ತಲೆ ತಗ್ಗಿಸಿದೆವು. ಅವರು ಸೀಮೆಸುಣ್ಣ ತೆಗೆದುಕೊಂಡು ಕರಡಿಯ ಎದೆಗೆ ಒಂದು ಬಾಗಿದ ಗೆರೆ ಎಳೆದರು.

"ಎದಿ ಮ್ಯಾಲೆ ಬಿಳಿ ಪಟ್ಟಿ ಇರ್ತದ. ನಾ ಹತ್ತಿರದಿಂದ ನೋಡೀನಿ," ಎಂದು ಪಾಠ ಶುರು ಮಾಡಿದರು.

ನನಗೆ ಅವರ ಮೇಲೆ ಸಿಟ್ಟಿತ್ತು. ಬಿಟ್ಟು ಓಡಿದ್ದಕ್ಕಲ್ಲ, ಬಾಯಿ ಬಿಟ್ಟದ್ದಕ್ಕೆ. ಸುಮ್ಮನಿದ್ದರೆ ಗಂಟೇನು ಹೋಗುತ್ತಿತ್ತು ಎಂದುಕೊಳ್ಳುತ್ತಿದ್ದೆ. ಮುಂದೆ ಅವರಿಗೆ ವರ್ಗವಾಯಿತು. ತೀರಿಕೊಂಡರೆಂಬ ಸುದ್ದಿ ಎಷ್ಟೋ ವರ್ಷದ ಮೇಲೆ, ಯಾರದೋ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಕಿವಿಗೆ ಬಿತ್ತು. "ಯಾರು, ಕರಡಿ ಸರ್ರಾ?" ಎಂದು ಕೇಳಿ ನಾನು ಊಟ ಮುಂದುವರಿಸಿದ್ದೆ.

ಈಗ ನನ್ನದು ಹೊಸಪೇಟೆಯಲ್ಲಿ ಔಷಧಿ ಅಂಗಡಿ. ಐವತ್ತು ಹತ್ತಿರ ಬಂದಾಗ ಸಕ್ಕರೆ ಕಾಯಿಲೆಯ ಹೆದರಿಕೆಗೆ ಗೇರಿನ ಸೈಕಲ್ ಕೊಂಡೆ, ಆಮೇಲೆ ಅದೇ ಹುಚ್ಚಾಯಿತು. ಭಾನುವಾರಕ್ಕೊಂದು ಗುಂಪಿದೆ, ಗುಂಪಿಗೆ ನಾನೇ ಹಿರಿಯ. ಯಾವ ದಾರಿ ತುಳಿಯಲು ಯೋಗ್ಯ ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ಕಮಲಾಪುರದ ಬಾಳೆತೋಟಗಳ ನಡುವಿನ ಕಾಲುವೆ ದಂಡೆ ಹೊಸಬರಿಗೆ, ಹಂಪಿಯ ಬಂಡೆಗಳು ತೋಳಿನಲ್ಲಿ ಬಲವಿದ್ದವರಿಗೆ, ಮಳೆ ಕಳೆದ ಮೇಲೆ ಸಂಡೂರಿನ ಗುಡ್ಡದಿಂದ ನಾರಿಹಳ್ಳಕ್ಕೆ ಇಳಿಯುವ ದಾರಿ ಜನ್ಮಕ್ಕೊಂದು ಸಲವಾದರೂ ಎಲ್ಲರಿಗೂ. ಹೀಗೆ ಬರೆದು ಗುಂಪಿನ ಮೊಬೈಲ್‌ಗಳಿಗೆ ಕಳಿಸಿ ದೊಡ್ಡ ಮನುಷ್ಯನಾಗಿದ್ದೆ. ಡಬ್ಬಿಯ ವಿಷಯ ಬರೆಯಲಿಲ್ಲ. ಅಷ್ಟು ಬೆಲೆಯ ಸೈಕಲ್ಲಿಗೆ ಡಬ್ಬಿ ಕಟ್ಟು ಎಂದರೆ ನಗುತ್ತಾರೆ. ಇಳಿಯುವಾಗಲೂ ನಾನೇ ಮುಂದೆ.

ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳೊಬ್ಬಳು ಹೊಸದಾಗಿ ಸೇರಿದ್ದಳು. ಹೆಂಡತಿ ಮಕ್ಕಳಿರುವ ಹಿರಿಯರೊಬ್ಬರು ಜೊತೆಗಿರುತ್ತಾರೆ ಎಂಬ ಒಂದೇ ಭರವಸೆಯ ಮೇಲೆ ಮನೆಯವರು ಕಳಿಸಿದ್ದರು. ಮೊದಲು ಹೇಳಿದ ಆ ಭಾನುವಾರ ಬೆಳಿಗ್ಗೆ, ಸಂಡೂರಿನ ಗುಡ್ಡದಲ್ಲಿ, ಗುಂಪಿನವರು ಪಂಕ್ಚರ್ ಎಂದು ಮೇಲೆಯೇ ನಿಂತರು. ನಾವಿಬ್ಬರೂ ಇಳಿದೆವು. ನಾನು ಮುಂದೆ, ಅವಳು ನನ್ನ ಹಿಂದೆ. ಹೆಚ್ಚುಕಡಿಮೆ ಅದೇ ತಿರುವು. ಪೊದೆಯ ಅಂಚಿನಲ್ಲಿ ಕಪ್ಪಗೆ ಅದು ಕಂಡಿತು. ಅವಳು ಗಕ್ಕನೆ ಬ್ರೇಕ್ ಹಿಡಿದದ್ದು, ಚಕ್ರ ಜಾರಿದ್ದು, ಬಿದ್ದದ್ದು, "ಸಾರ್" ಎಂದು ಕರೆದದ್ದು ಎಲ್ಲವೂ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಪೆಡಲ್ ತುಳಿದೆ.

ಡ್ಯಾಮಿನ ಬಳಿ ಬಂದು ನಿಂತೆ. ಮೇಲೆ ಹತ್ತಿ ಹೋಗಬೇಕಿತ್ತು. ಹೋಗಲಿಲ್ಲ. ಕೊನೆಗೆ ಅವಳೇ ಮೊಣಕಾಲು ತರಚಿಕೊಂಡು, ಸೈಕಲ್ ತಳ್ಳಿಕೊಂಡು ಬಂದಳು. "ಹೋತ್ರಿ ಸಾರ್ ಅದು," ಎಂದಳು. ಹಿಂದಿನಿಂದ ಬಂದವರು ಏನಾಯಿತೆಂದು ಕೇಳಿದಾಗ, "ಬ್ರೇಕ್ ಹಿಡೀಲಿಲ್ಲ ನಂದು, ನಿಂದ್ರಾಕ ಆಗ್ಲಿಲ್ಲ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು. ಅವಳು ನೆಲ ನೋಡುತ್ತಿದ್ದಳು.

ಎಲೆಯ ವಾಸನೆ ಕೈಯಿಂದ ಹೋದರೂ ಮೂಗಿನಿಂದ ಹೋಗಲಿಲ್ಲ. ನಾಚಿಕೆಗೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಸರ್ ಅಂದು ಸಂಜೆಯೇ ಬಂದು ಹೇಳಿದ್ದರಲ್ಲ, ಆ ಎದೆ ನನಗೆಲ್ಲಿಂದ ಬರಬೇಕು. ದಿನಗಳನ್ನು ತಳ್ಳಿ ತಳ್ಳಿ, ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಕಂಪ್ಲಿಗೆ ಹೋದೆ. ಸರ್ ಹೇಳಿದ ಹಾಗೆಯೇ, ಸುತ್ತಿ ಬಳಸದೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಬಾಗಿಲು ತೆಗೆದ ಅವಳ ತಾಯಿ ನಾನು ಯಾರೆಂದು ತಿಳಿದೊಡನೆ ಸೆರಗು ಸರಿಮಾಡಿಕೊಂಡು ಕೈ ಮುಗಿದರು. "ಬರ್ರಿ ಸಾರ್, ಕುಂದ್ರಿ. ನಮ್ಮ ಹುಡುಗಿ ಎಲ್ಲಾ ಹೇಳಿದ್ಲು. ನೀವು ಅಡ್ಡ ನಿಂತು ಕೂಗಿ ಓಡಿಸಿದ್ರಂತ. ನೀವು ಇರ್ಲಿಲ್ಲ ಅಂದ್ರ ಏನು ಗತಿರಿ. ದೇವರು ಬಂದಂಗ ಬಂದ್ರಿ."

ಬಾಯಿಪಾಠ ಮಾಡಿಕೊಂಡದ್ದನ್ನು ಹೇಳಲು ಬಾಯಿ ತೆರೆದೆ. ತಾಯಿಯ ಹಿಂದೆ ಅವಳು ನಿಂತಿದ್ದಳು, ಬೇಡ ಎನ್ನುವ ಹಾಗೆ ತಲೆಯಾಡಿಸಿದಳು. ಶಿರಾದ ಬಟ್ಟಲು ಬಂತು, ಚಹಾ ಬಂತು. ಸರ್‌ಗೆ ನಮ್ಮ ಅಂಗಳದಲ್ಲಿ ಒಂದು ಲೋಟ ನೀರೂ ದಕ್ಕಿರಲಿಲ್ಲ. ನಾನು ತುಪ್ಪ ಸುರಿಯುವ ಶಿರಾ ಪೂರ್ತಿ ತಿಂದೆ, ಬಿಡುವ ಧೈರ್ಯವೂ ಆಗಲಿಲ್ಲ. ಅಷ್ಟು ಹೇಸಿಗೆ ನನ್ನ ಮೇಲೆ ನನಗೆ ಎಂದೂ ಬಂದಿರಲಿಲ್ಲ.

ಕಳಿಸಿಕೊಡಲು ಅವಳು ಗೇಟಿನವರೆಗೆ ಬಂದಳು. ಗಿರಣಿ ಓಡುತ್ತಿತ್ತು. ಆ ಸದ್ದಿನ ಮರೆಯಲ್ಲಿ ಹೇಳಿದೆ: "ನಾ ನಿನ್ನ ಬಿಟ್ಟು ಓಡಿದೆವ್ವಾ. ಬ್ರೇಕ್ ಛಲೋ ಇತ್ತು."

"ಗೊತ್ತೈತ್ರಿ ಸಾರ್. ನಾ ನೋಡೀನಲ್ಲ."

"ಮತ್ತ ಮನ್ಯಾಗ ಯಾಕ ಹಂಗ ಹೇಳಿದಿ?"

"ಖರೇ ಹೇಳಿದ್ರ ನನ್ನ ಕಳಸಂಗಿಲ್ರಿ. ನನಗ ಸೈಕಲ್ ಬೇಕು." ಆಮೇಲೆ, ಮುಖ ನೋಡದೆ ಅಂದಳು, "ಮುಂದಿನ ಸಲ ನೀವು ಹಿಂದ ಬರ್ರಿ."

ಸರ್ ಅಂಗಳದಲ್ಲಿ ಊರೇ ಕೇಳುವಂತೆ ಹೇಳಿದ್ದನ್ನು ನಾನು ಗೇಟಿನ ಬಳಿ, ಗಿರಣಿಯ ಸದ್ದಿನೊಳಗೆ ಹೇಳಿ ಬಂದೆ. ಅವರು ನಿಜ ಹೇಳಿ ನಮ್ಮ ಭಾನುವಾರಗಳನ್ನು ಕಳೆದುಕೊಂಡರು. ನಾನು ಒಂದು ಹುಡುಗಿಯ ಸುಳ್ಳಿನ ನೆರಳಲ್ಲಿ ನನ್ನವನ್ನು ಉಳಿಸಿಕೊಂಡೆ.

ಮೊನ್ನೆ ಭಾನುವಾರ ಅಂಗಡಿಯ ಖಾಲಿ ಹಾಲಿನ ಪುಡಿಯ ಡಬ್ಬಿಗೆ ಬೆಣಚುಕಲ್ಲು ತುಂಬಿ ಸೀಟಿನ ಕೆಳಗೆ ಕಟ್ಟಿದೆ. ಗುಂಪಿನವರು ನಿರೀಕ್ಷಿಸಿದಷ್ಟೇ ನಕ್ಕರು. ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಇಳಿದೆ. ಇಳಿಯತೊಡಗಿದ ಮೇಲೆ ತಿಳಿಯಿತು, ಹಿಂದೆ ಬರುವವನ ಹಿಂದೆ ಯಾರೂ ಇರುವುದಿಲ್ಲ. ಬೆನ್ನಿಗೆ ಬರೀ ಕಾಡು. ಸರ್ ಪ್ರತಿ ಭಾನುವಾರ ಹೀಗೆಯೇ ಇಳಿಯುತ್ತಿದ್ದರು, ಒಂದು ಭಾನುವಾರ ಆಗಲಿಲ್ಲ... ನಾವು ನೆನಪಿಟ್ಟುಕೊಂಡದ್ದು ಆ ಒಂದನ್ನೇ.

ಕೆಳಗೆ ಅವಳು ಕಾಯುತ್ತಿದ್ದಳು. ಡಬ್ಬಿಯನ್ನು ತಟ್ಟಿ ನೋಡಿ, "ಇದನ್ನ ಯಾರು ಕಲಿಸಿದ್ರಿ ಸಾರ್?" ಎಂದು ಕೇಳಿದಳು.

'ಕರಡಿ ಸರ್' ಎಂದು ನಾಲಿಗೆಯ ತುದಿಗೆ ಬಂದಿತ್ತು. "ನಮ್ಮ ಡ್ರಾಯಿಂಗ್ ಸರ್," ಎಂದೆ. ಕೇಳಿಸಿಕೊಳ್ಳಲು ಅವರಿರಲಿಲ್ಲ.