ಹುಣಸೆಹಣ್ಣು ಹಾಕಿ ತೊಳೆದ ಗಿಟಾರು

ಗುಬ್ಬಿಯ ಸಿದ್ದಗಂಗಯ್ಯ ಹಗಲು ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುತ್ತಿದ್ದ, ಸಂಜೆ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದ. ಎಲೆಕ್ಟ್ರಿಕ್ ಗಿಟಾರು. ಕರೆಂಟಿದ್ದರೆ ಹಾಡು, ಹೋದರೆ ಅವನ ಪಾಡು.

ಅದನ್ನು ತೊಂಬತ್ತೊಂದರಲ್ಲಿ ಕೊಟ್ಟವರು ಅವನಿಗೆ ಈ ವಿದ್ಯೆ ಕಲಿಸಿದ ಕುಣಿಗಲಿನ ಸದಾಶಿವಯ್ಯ ಮೇಷ್ಟ್ರು. "ಅಸಲಿ ಅಮೆರಿಕಾದ್ದು ಕಣೋ, ನನ್ನ ಮದುವೆಗಿಂತ ಹಳೇದು," ಎಂದಿದ್ದರು. ಮರುವರ್ಷ ತೀರಿಕೊಂಡರು. ಆ ಮಾತನ್ನು ಇವನು ಊರೆಲ್ಲ ಸಾರಿದ. ಡ್ರಮ್ಮಿನ ತಿಮ್ಮೇಶ್ ಮಾತ್ರ, "ಅಮೆರಿಕಾ ಎಲ್ಲಿ ಬಂತಣ್ಣ, ಶಿವಾಜಿನಗರದ್ದು. ನಿಮ್ ಮೇಷ್ಟ್ರು ಚೆನ್ನಾಗಿ ರೈಲು ಬಿಟ್ಟವ್ರೆ," ಎನ್ನುತ್ತಿದ್ದ. ತನ್ನನ್ನು ಏನಂದರೂ ನಗುತ್ತಿದ್ದ ಸಿದ್ದಗಂಗಯ್ಯನಿಗೆ, ಮೇಷ್ಟ್ರನ್ನು ಸುಳ್ಳುಗಾರ ಅಂದರೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ೨೦೦೪ರಲ್ಲಿ, ಹಳೆಯ ಗಿಟಾರುಗಳ ಪರೀಕ್ಷೆ ಬಲ್ಲ ಬೆಂಗಳೂರಿನ ಮಲ್ಲಿಕಾರ್ಜುನ್ ಮರಳೂರಿನ ನೆಂಟರ ಮನೆಗೆ ಬಂದಿದ್ದಾನೆಂದು ತಿಳಿಯಿತು. ಗಿಟಾರನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಗಂಡ ಹೆಂಡತಿ ಹೊರಟರು. ಬಾಲದಂತೆ ಪಕ್ಕದ ಮನೆಯ ನಾನೂ.

ಮಲ್ಲಿಕಾರ್ಜುನ್ ಗಿಟಾರಿನ ಬೆನ್ನಿನ ತಗಡು ನೋಡಿದ. "ಇಲ್ಲಿ ನಂಬರ್ ಒತ್ತಿರ್ಬೇಕು ಸಾರ್. ಅದ್ರಿಂದ್ಲೇ ವಯಸ್ಸು ಹಿಡಿಯೋದು. ಇದೇನು, ಕನ್ನಡಿ ಆಗಿದೆ?"

"ಆಗ್ದೆ ಇನ್ನೇನು?" ಸಿದ್ದಗಂಗಯ್ಯನ ಹೆಂಡತಿ ಬಸವಲಿಂಗಮ್ಮ ಬೀಗಿದರು. "ಪ್ರತಿ ಆಯುಧಪೂಜೇಗೂ ಬಿಚ್ಚಿ, ಹುಣಸೆಹಣ್ಣು ಇಟ್ಟಿಗೆ ಪುಡಿ ಹಾಕಿ ತಿಕ್ಕಿದೀನಿ. ಏನೋ ಗೀಚಿತ್ತು, ಬುಡ್ಲಿಲ್ಲ ನಾನು."

"ಬಣ್ಣ?"

"ಸೈಕಲ್ ಶಾಪಲ್ಲಿ ಹೊಡೆಸ್ದೆ," ಎಂದ ಸಿದ್ದಗಂಗಯ್ಯ. "ಪೂಜೆಗೆ ಮಾಸಿದ್ದು ಇಡಕ್ಕಾಯ್ತದಾ?"

ಒಳಗೆ ಬಿಚ್ಚಿದರೆ ವಿಭೂತಿ, ಅಕ್ಷತೆ, ಒಣಗಿದ ಸೇವಂತಿಗೆ ಎಸಳು.

"ಈ ವಾಲ್ಯೂಮು?"

"ನಮ್ಮನೆ ರೇಡಿಯೋದು."

ಮಲ್ಲಿಕಾರ್ಜುನ್ ಕನ್ನಡಕ ತೆಗೆದ, ಹಾಕಿಕೊಂಡ. "ಮರ ಹಳೇದು. ತಗಡು ಹೊಸ್ದರ ಥರ ಇದೆ, ಆದ್ರೆ ಹೊಸ್ದಲ್ಲ. ಕೊಳೆ, ತುಕ್ಕು ಇದ್ದಿದ್ರೆ ಹೇಳ್ಬೋದಿತ್ತು. ಇಷ್ಟು ಮಡಿಯಾಗಿರೋ ಗಿಟಾರು ನಾನ್ ನೋಡೇ ಇಲ್ಲ."

"ಅದೆಲ್ಲ ಬುಡಿ ಸಾರ್. ನಮ್ ಮೇಷ್ಟ್ರು ಸುಳ್ಳು ಹೇಳಿದ್ರಾ?"

"ಸುಳ್ಳು ಅನ್ನಕ್ಕೂ ಗುರುತು ಬೇಕಲ್ಲ ಸಾರ್. ಅದನ್ನೂ ಅಮ್ಮ ತಿಕ್ಬುಟ್ಟವ್ರೆ."

ಗುಬ್ಬಿಗೆ ಮರಳುವ ಬಸ್ಸಿನಲ್ಲಿ ಸಂತೋಷಪಡಬೇಕೋ ಸಂಕಟಪಡಬೇಕೋ ಮೂವರಿಗೂ ತಿಳಿಯಲಿಲ್ಲ. ಬಸವಲಿಂಗಮ್ಮ, "ಕೊಳೆ ಉಳಿಸ್ಕೋಬೇಕು ಅಂತ ಯಾವ ಸ್ವಾಮಿಗಳೂ ಹೇಳಿರ್ಲಿಲ್ಲ," ಎಂದರು.

ಮುಂದಿನ ಮದುವೆಯಲ್ಲಿ ಬೀಗರ ಕಡೆಯವರೊಬ್ಬರು ಗಿಟಾರು ಮುಟ್ಟಿ, "ಇದು ಫಾರಿನ್ನಾ?" ಎಂದರು. ತಿಮ್ಮೇಶ್ ಕೋಲು ಎತ್ತಿದವನು ಹಾಗೇ ನಿಂತ.

ಸಿದ್ದಗಂಗಯ್ಯ, "ನಮ್ ಮೇಷ್ಟ್ರು ಹಂಗಂತಿದ್ರು. ಅವರ ಮಾತು ನಾನು ಪರೀಕ್ಷೆ ಮಾಡ್ಸಕ್ಕೆ ಹೋಗಿದ್ದೇ ತಪ್ಪು," ಎಂದು ತಂತಿ ಮೀಟಿದ.