ಕಾರು ಎಂದು ಬರೆದಿದ್ದ ಕಾರು

ಅಂಬಣ್ಣನ ಕಾರು ಓಡಿದ್ದೆಲ್ಲ ನೆರಳಿನ ಹಿಂದೆ. ಬೆಳಿಗ್ಗೆ ಹಾಲಿನ ಡೇರಿಯ ಗೋಡೆ, ಬಿಸಿಲು ನೆತ್ತಿಗೇರಿದರೆ ಬೇವಿನ ಮರದ ಬುಡ, ಇಳಿಹೊತ್ತಿಗೆ ನಮ್ಮ ಮನೆಯ ಮುಂದೆ. ಮಾನ್ವಿಯ ನಮ್ಮ ಓಣಿ ದಾಟಿ ಅದು ಆಚೆ ಹೋದದ್ದನ್ನು ಕಂಡವರಿಲ್ಲ. ನನ್ನ ಬಾಗಿಲಿಗೆ ಅಡ್ಡ ಬಂದು ನಿಂತಾಗಲೆಲ್ಲ ನಾನು ಕೊಡ ಹಿಡಿದು ಓರೆಯಾಗಿ ನುಸುಳಿ ಹೊರಬರಬೇಕು. ಜಗಳಕ್ಕೆ ಹೋದರೆ, "ಸವಿತಾ, ಬಿಸಿಲಿಗೆ ಬಣ್ಣ ಹೋಗ್ತದವ್ವಾ, ಜರಾ ತಡಕೋ" ಎನ್ನುತ್ತಿದ್ದ. ನನ್ನ ಬಣ್ಣದ ಬಗ್ಗೆ ಈವರೆಗೆ ಯಾರೂ ಇಷ್ಟು ಚಿಂತೆ ಮಾಡಿಲ್ಲ.

ಅಂಬಣ್ಣ ಮಾನ್ವಿ–ದೇವದುರ್ಗ ಬಸ್ಸಿನ ಕಂಡಕ್ಟರ್ ಆಗಿದ್ದವನು. 'ಹೋಲ್ಡಾನ್' ಎಂದರೆ ಬಸ್ಸು ನಿಲ್ಲಬೇಕು, 'ರೈಟ್' ಎಂದರೆ ಹೊರಡಬೇಕು. ಆ ಎರಡು ಮಾತು ಮನೆಯಲ್ಲೂ ಓಡುತ್ತಿದ್ದವು. ಊಟಕ್ಕೆ ಕುಳಿತಾಗ ಸಾರು ಸಾಕಾದರೂ ಹೋಲ್ಡಾನ್. ನಿವೃತ್ತಿಯಾದ ಮೇಲೆ ರಾಯಚೂರಿನ ದಲ್ಲಾಳಿಯೊಬ್ಬನಿಂದ ದಾಳಿಂಬೆ ಬಣ್ಣದ ಹಳೆಯ ಕಾರು ಕೊಂಡ. ದಲ್ಲಾಳಿಯ ಡ್ರೈವರೇ ಅದನ್ನು ತಂದು ಬಾಗಿಲಿಗೆ ಬಿಟ್ಟುಹೋದ. "ಹೈದರಾಬಾದಿನ ಡಾಕ್ಟರ್ ಸಾಹೇಬ್ರ ಗಾಡಿ. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ, ಅಷ್ಟ ಓಡ್ಯಾದ" ಎಂದು ಅಂಬಣ್ಣ ಓಣಿಗೆಲ್ಲ ಸಾರಿದ.

ಅವನ ಹೆಂಡತಿ ಬೂದೆಮ್ಮನ ತವರು ಅರಕೇರಾ. ಗಂಡನ ಬಸ್ಸಿನಲ್ಲೇ ತವರಿಗೆ ಹೋಗುವಾಗ ಸೀಟು ಖಾಲಿಯಾದರೂ ಅಂಬಣ್ಣ ಬೇರೆಯವರನ್ನು ಕೂರಿಸುತ್ತಿದ್ದ. ಹೆಂಡತಿಗೆ ಸೀಟು ಕೊಟ್ಟ ಎಂದು ಜನ ಆಡಿಕೊಳ್ಳಬಾರದಲ್ಲ! ಹೀಗೆ ನಿಂತುಕೊಂಡೇ ತವರು ಕಂಡ ಹೆಂಗಸು, ಕಾರು ಬಂದ ದಿನವೇ ಅಕ್ಕ ಚನ್ನಮಲ್ಲಮ್ಮನಿಗೆ ಫೋನು ಹಚ್ಚಿದಳು. "ಅಕ್ಕಾ, ಈ ಉಗಾದಿಗೆ ನಿನ್ನ ಬಾಗಿಲತನಕ ನನ್ನ ಕಾರಿನಾಗ ಕುಂತು ಬರ್ತೀನಿ."

ಉಗಾದಿ ಬಂತು, ಹೋಯಿತು. "ಆ ಹಾದ್ಯಾಗ ಬರೇ ಜಾಲಿ ಮುಳ್ಳು. ಬಣ್ಣಕ್ಕ ಗೀರು ಬೀಳ್ತದ" ಎಂದ ಅಂಬಣ್ಣ. ಮರುವರ್ಷದ ಉಗಾದಿಗೂ ಮುಳ್ಳು ಅಲ್ಲೇ ಇತ್ತು. ಅಕ್ಕ ಫೋನಿನಲ್ಲಿ ಕೇಳತೊಡಗಿದಳು: "ಏನ ಬೇ, ನಿನ್ನ ಕಾರು ಹೊಂಟದೋ, ಇನ್ನಾ ಸೀರಿ ಉಡಾಕತ್ತದೋ?" ಬೂದೆಮ್ಮ ಫೋನಿನಲ್ಲಿ ನಗುತ್ತಿದ್ದಳು, ಇಟ್ಟ ಮೇಲೆ ನಮ್ಮ ಕಟ್ಟೆಗೆ ಬಂದು ಸುಮ್ಮನೆ ಕೂರುತ್ತಿದ್ದಳು. ಒಡಹುಟ್ಟಿದವಳ ಮುಂದೆ ಆಡಿದ ಮಾತು ಸುಳ್ಳಾಗುತ್ತಿದೆಯಲ್ಲ ಎಂಬ ಸಂಕಟ ಅವಳದು. ಅವಳನ್ನು ನೋಡಿದಾಗ ಆ ಕಾರಿಗೆ ನಾನೇ ಒಂದು ಗೀರು ಎಳೆದುಬಿಡಲೇ ಎನಿಸುತ್ತಿತ್ತು.

ಅಕ್ಕ ಹೇಳಿದ ಸೀರೆಯ ಮಾತಂತೂ ಖರೆ. ಕಾರಿಗೆ ಹೊಚ್ಚಲು ಅಂಬಣ್ಣ ಹೆಂಡತಿಯ ಕೈಯಲ್ಲೇ ಭಾರಿ ಕೌದಿ ಹೊಲಿಸಿದ್ದ, ಓಣಿಯವರ ಹಳೇ ಸೀರೆಗಳನ್ನೆಲ್ಲ ಜೋಡಿಸಿ. ನನ್ನ ಮದುವೆಯ ಹಳದಿ ಸೀರೆ ಬಾನೆಟ್ಟಿನ ಮೇಲೆ ಕಾಗೆಯ ಹಿಕ್ಕೆ ತಡೆಯುತ್ತಿತ್ತು. ಆದರೂ ಬೇಸಿಗೆಯ ಗಾಳಿ ಮುಗಿಯುವಷ್ಟರಲ್ಲಿ ಕಾರಿನ ಹೊಳಪು ಸತ್ತು, ಮೈತುಂಬ ಕೂದಲೆಳೆಯಂಥ ಗೆರೆಗಳು ಎದ್ದಿದ್ದವು. ಅಂಬಣ್ಣ ಕಂಗಾಲಾಗಿ ಫೋನಿನಲ್ಲಿ ಫೋಟೋ ಹಿಡಿದು, ರಾಯಚೂರಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಮುಕರ್ರಂನ ಹತ್ತಿರ ಹೋದ. ಬಸ್ಸಿನಲ್ಲಿ ಹೋದ.

"ಮನ್ಯಾಗ ಕಾರು ಇಟಗೊಂಡು ಬಸ್ಸಿನಾಗ ಬಂದೀರೇನ್ರಿ?" ಎಂದು ಮುಕರ್ರಂ ಮೊದಲು ನಕ್ಕನಂತೆ. ಆಮೇಲೆ ಹೇಳಿದ: "ಕೌದಿ ತಪ್ಪಲ್ರಿ. ಧೂಳು ತೊಳೀದ ಹೊಚ್ಚೀರಿ ನೋಡ್ರಿ, ಅದು ತಪ್ಪು. ಗಾಳಿ ಬಂದಾಗೆಲ್ಲ ಕೌದಿ ಆ ಧೂಳಿನಿಂದ ಬಣ್ಣ ತಿಕ್ಕ್ಯಾದ. ಮೊದಲ ನೀರು ಹೊಡೀರಿ, ಒಣಗಲಿ, ಆಮ್ಯಾಲೆ ಹೊಚ್ಚರಿ." ಒಂದು ಡಬ್ಬಿ ರಬ್ಬಿಂಗ್ ಪಾಲಿಶ್ ಕೊಟ್ಟು, "ಇದು ಬಣ್ಣಾನ ತಿಂತದ. ವರ್ಷಕ್ಕ ಒಮ್ಮೆ ಹಗುರ ಕೈಲೆ ತಿಕ್ಕಿ, ಮ್ಯಾಲೆ ಮೇಣ ಹಚ್ಚಿಬಿಡ್ರಿ" ಎಂದ.

ಅಂಬಣ್ಣ ಕೇಳಿಸಿಕೊಂಡದ್ದು 'ತಿಕ್ಕಿ' ಎಂಬುದನ್ನು ಮಾತ್ರ. ಒಮ್ಮೆ ತಿಕ್ಕಿದ ಬಾನೆಟ್ಟು ಕನ್ನಡಿಯಾಯಿತು. ಇವನಿಗೆ ಆಸೆ ಹತ್ತಿತು. ಚಹಾ ಕುಡಿದು ತಿಕ್ಕಿದ, ಊಟ ಮಾಡಿ ತಿಕ್ಕಿದ. ಒಂದು ದಿನ ಎಡಗಡೆಯ ಮುಂದಿನ ಬಾಗಿಲಲ್ಲಿ ದಾಳಿಂಬೆ ಬಣ್ಣದೊಳಗಿಂದ ಹಳದಿ ಅಕ್ಷರವೊಂದು ಇಣುಕಿತು: 'ಕಾ'.

ಬೇರೆ ಯಾರಾದರೂ ಅಲ್ಲಿಗೇ ಕೈ ನಿಲ್ಲಿಸುತ್ತಿದ್ದರು. ಅಂಬಣ್ಣ ಮಾತ್ರ ಓಣಿಯವರನ್ನು ಕರೆದು ತೋರಿಸಿದ. "ಡಾಕ್ಟರ್ ಗಾಡಿ ಅಲ್ರಿ ಇದು! ಕಾರ್ಯನಿರ್ವಾಹಕ ಅಧಿಕಾರಿ ಗಾಡಿ. ಸರ್ಕಾರಿ ಸಾಹೇಬ್ರು ಕುಂತ ಗಾಡಿ!" ಡಾಕ್ಟರನ್ನು ಕೆಳಗಿಳಿಸಿ ಅಧಿಕಾರಿಯನ್ನು ಕೂರಿಸಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಉಳಿದ ಅಕ್ಷರ ಕಾಣಲೆಂದು, ಇಷ್ಟು ದಿನ ಕಾಪಾಡಿದ ಬಣ್ಣವನ್ನು ತಾನೇ ರಟ್ಟೆ ಬೀಳುವಂತೆ ತಿಕ್ಕಿದ. ಹಳೆಯ ಅಕ್ಷರಗಳು ದಪ್ಪಗೆ ಉಬ್ಬಿದ್ದರಿಂದ ಅವುಗಳ ಮೇಲಿನ ಬಣ್ಣವೇ ಮೊದಲು ಸವೆಯುತ್ತಿತ್ತು. ಮರುದಿನ 'ರ' ಬಂತು. ಅಂಬಣ್ಣ ಎದೆಯುಬ್ಬಿಸಿದ. ಸಂಜೆಗೆ ಅದರ ಕೊಂಬೂ ಬಂತು. 'ಕಾರು'.

"ಕಾರಿನ ಮ್ಯಾಲೆ ಕಾರು ಅಂತ ಯಾರು ಬರೀತಾರ?" ಎಂದೆ ನಾನು. "ಎಮ್ಮಿ ಮ್ಯಾಲೆ ಎಮ್ಮಿ ಅಂತ ಬರದಂಗ ಆತು." ಅಂಬಣ್ಣ ಹಿಂದಿನ ಬಾಗಿಲಿಗೆ ಕೈ ಹಾಕಿದ. ಅಲ್ಲಿ 'ಕಲಿಯಿರಿ' ಎಂದು ಬಂದಾಗ ಓಣಿಗೆ ಓಣಿಯೇ ಹೊಟ್ಟೆ ಹಿಡಿದು ನಕ್ಕಿತು. ಡಾಕ್ಟರೂ ಅಲ್ಲ, ಸಾಹೇಬರೂ ಅಲ್ಲ, ಅದು ಡ್ರೈವಿಂಗ್ ಸ್ಕೂಲಿನ ಕಾರು! ಕಂಡಕಂಡವರೆಲ್ಲ ಬ್ರೇಕು ತುಳಿದು ಕಲಿತ ಗಾಡಿ.

ಬೂದೆಮ್ಮ ನಗಲಿಲ್ಲ. "ಇನ್ನ ಬಣ್ಣದ ಚಿಂತಿ ಮುಗೀತಲ್ಲ. ನಡೀರಿ, ಈ ಉಗಾದಿಗೆ ಅರಕೇರಾಕ್ಕ ಹೋಗೂಣು" ಎಂದಳು.

ಅಂಬಣ್ಣ ಕೈಯಲ್ಲಿನ ಅರಿವೆ ಮಡಚತೊಡಗಿದ. ಸಣ್ಣ ದನಿಯಲ್ಲಿ ಹೇಳಿದ: "ನನಗ ಎರಡನೇ ಗೇರಿನ ಮ್ಯಾಲೆ ಹಾಕಾಕ ಬರಂಗಿಲ್ಲ ಬೂದಿ. ಎದುರು ಲಾರಿ ಕಂಡರ ಕಾಲು ನಡಗತಾವ. ಜೀವಮಾನಾನೇ ಹಿಂದಿನ ಬಾಗಿಲದಾಗ ನಿಂತಾಂವ ನಾ."

ಬಣ್ಣ ಬಯಲಾಯಿತು, ಕಾರಿನದೂ ಅವನದೂ. ಜಾಲಿ ಮುಳ್ಳು, ಬಿಸಿಲು, ಕಾಗೆ ಎಲ್ಲ ನೆಪ. ನನಗೆ ಅದುವರೆಗೆ ಬಂದ ನಗುವೆಲ್ಲ ಅಲ್ಲೇ ನಿಂತುಹೋಯಿತು. ಪಾಪ ಎನಿಸಿತು. ಬೂದೆಮ್ಮ ಬೈಯುತ್ತಾಳೆಂದು ಕಾದೆ. ಅವಳು ಗಂಡನ ಕೈಯಿಂದ ಅರಿವೆ ಕಸಿದುಕೊಂಡು, ಸೀರೆ ಮೇಲೆತ್ತಿ ಕಟ್ಟಿ, ಬಾಗಿಲ ಕೆಳಭಾಗ ತಿಕ್ಕತೊಡಗಿದಳು. ಅಲ್ಲಿಯೂ ಏನೋ ಉಬ್ಬು ಅವಳ ಕೈಗೆ ತಾಗಿತ್ತು. ನಾನೂ ಒಂದು ಅರಿವೆ ತಂದೆ. ದೀಪ ಹಚ್ಚುವ ಹೊತ್ತಿಗೆ ಸಣ್ಣ ಅಕ್ಷರದ ಸಾಲು ಕಂಡಿತು: 'ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳಿಂದಲೇ.' ಅದರ ಕೆಳಗೆ ಫೋನ್ ನಂಬರು.

ಬೂದೆಮ್ಮ ಅಲ್ಲಿಯೇ ನಂಬರು ಒತ್ತಿದಳು. ಎತ್ತಿದವರು ಆ ಸ್ಕೂಲು ನಡೆಸುತ್ತಿದ್ದ ರಾಯಚೂರಿನ ರಜಿಯಾ ಬೇಗಂ. "ಆ ಕಾರಾ? ಇನ್ನಾ ಜೀವಂತ ಅದಾ?" ಎಂದು ಅವರು ಕೂಗಿದ್ದು ನಮಗೆಲ್ಲ ಕೇಳಿಸಿತು. ತಾವು ಡ್ರೈವಿಂಗ್ ಕಲಿಸುತ್ತಿದ್ದ ಕಾರೇ ಎಂಬ ಖುಷಿಗೆ ಅವರು ಮಾನ್ವಿಗೇ ಬಂದು ಕಲಿಸಿದರು. ನೆರಳು ಬಿಟ್ಟು ಹೊರಬಂದ ಕಾರು ಬಿಸಿಲಲ್ಲೇ ಬೂದೆಮ್ಮನ ಕೈಗೆ ಒಗ್ಗಿತು. ಲೈಸೆನ್ಸೂ ಬಂತು. ಅವಳು ಮೊದಲು ಓಡಿಸಿಕೊಂಡು ಹೋದದ್ದು ಮುಕರ್ರಂನ ಹತ್ತಿರ. ಅವನು ಬಾಗಿಲಿಗೆ ಹೊಸ ಬಣ್ಣ ಹೊಡೆಯುತ್ತೇನೆಂದರೆ, "ಬ್ಯಾಡ್ರಿ. ಈ ಅಕ್ಷರ ಮಾಸದಂಗ ನೀರಿನಂಥ ವಾರ್ನಿಶ್ ಅಷ್ಟ ಹೊಡೀರಿ" ಎಂದಳಂತೆ.

ಈ ಉಗಾದಿಗೆ ಅವರ ಜೊತೆ ನಾನೂ ಹಿಂದಿನ ಸೀಟಿನಲ್ಲಿ ಹೋದೆ. ನನ್ನ ಬಾಗಿಲು ಅಡ್ಡಗಟ್ಟಿದ್ದಕ್ಕೆ ಅಷ್ಟಾದರೂ ಬೇಡವೇ? ಅರಕೇರಾ ಹತ್ತಿರವಾದಾಗ ಹಾದಿ ಇಕ್ಕಟ್ಟಾಯಿತು. ಎದುರಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಬೂದೆಮ್ಮ ಎಡಕ್ಕೆ ಸರಿದಳು. ಜಾಲಿಯ ಟೊಂಗೆ ಬಾನೆಟ್ಟಿನಿಂದ ಹಿಂದಿನವರೆಗೆ ಕರ್ರೆಂದು ಗೀರು ಎಳೆಯಿತು. "ಹೋಲ್ಡಾನ್!" ಎಂದು ಅಂಬಣ್ಣ ಚೀರಿದ. ಕಾರು ಗಕ್ಕನೆ ನಿಂತಿತು.

ಅವನು ಇಳಿದ. ಉದ್ದದ ಗೀರಿನ ಮೇಲೆ ಒಮ್ಮೆ ಬೆರಳಾಡಿಸಿದ. ಸ್ಟೇರಿಂಗ್ ಹಿಡಿದ ಹೆಂಡತಿಯನ್ನು ನೋಡಿದ. ಅವಳ ಮುಖ ಇಳಿದುಹೋಗಿತ್ತು. ದೂರದಲ್ಲಿ ಚನ್ನಮಲ್ಲಮ್ಮ ಬಾಗಿಲಿಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನಿಂತದ್ದು ಕಾಣುತ್ತಿತ್ತು.

ಅಂಬಣ್ಣ ಒಳಗೆ ಬಂದು ಕುಳಿತ. ಬಾಗಿಲು ಹಾಕಿಕೊಂಡು, ಬಸ್ಸಿನಲ್ಲಿ ಹೊಡೆಯುತ್ತಿದ್ದಂತೆಯೇ ಅದರ ಮೇಲೆ ಎರಡು ಸಲ ಕೈಯಿಂದ ಬಡಿದ.

"ರೈಟ್" ಎಂದ.